ಎಡಿನ್‌ಬರೋದಿಂದ ಯಾರ್ಕ್‌ವರೆಗೆ: ಹದಿಹರೆಯದ ಮಗಳೊಂದಿಗೆ ಒಂದು ಕಾರು ಪ್ರಯಾಣ

ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡುಗಳನ್ನು ಒಂದೇ ಪ್ರವಾಸದಲ್ಲಿ ಕಾರಿನಲ್ಲಿ ಸುತ್ತಬೇಕೆನ್ನುವವರು ಸಾಮಾನ್ಯವಾಗಿ ಲಂಡನ್ನಿನಲ್ಲಿ ಇಳಿದು, ಅಲ್ಲಿಯೇ ಬಾಡಿಗೆ ಕಾರು ಹಿಡಿದು ಉತ್ತರಕ್ಕೆ ಹೊರಡುವ ಲೆಕ್ಕ ಹಾಕುತ್ತಾರೆ. ನಾನು ಮತ್ತು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದ ಮಗಳು ಈ ಕ್ರಮವನ್ನು ತಿರುವು ಮುರುವು ಮಾಡಿ, ಎಡಿನ್‌ಬರೋದಲ್ಲಿ ಇಳಿದು, ಸ್ಕಾಟ್ಲೆಂಡಿನ ಬೆಟ್ಟಸೀಮೆಯನ್ನು ಮೊದಲು ಮುಗಿಸಿ, ಯಾರ್ಕ್ ನಗರದಲ್ಲಿ ಕಾರು ಹಿಂದಿರುಗಿಸಿ, ಅಲ್ಲಿಂದ ರೈಲಿನಲ್ಲಿ ಲಂಡನ್ ಸೇರಿದೆವು. ಇದೇ ದಾರಿಯನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ. ಹೊಸ ದೇಶದಲ್ಲಿ ಕಾರು ಓಡಿಸುವ ಮೊದಲ ದಿನಗಳು ಲಂಡನ್ನಿನ ದಟ್ಟಣೆಯಲ್ಲಿ ಕಳೆಯುವುದಕ್ಕಲ್ಲ; ಹದಿನೈದರ ವಯಸ್ಸಿನ ಮಕ್ಕಳ ಉತ್ಸಾಹವೂ ಪ್ರವಾಸದ ಮೊದಲರ್ಧದಲ್ಲಿಯೇ ಹೆಚ್ಚಾಗಿರುತ್ತದೆ, ಅದನ್ನು ಬೆಟ್ಟ ಹತ್ತುವುದಕ್ಕೆ ಬಳಸಿಕೊಳ್ಳುವುದು ಜಾಣತನ.

ಕಾಲದ ವಿಚಾರದಲ್ಲಿ ನಮ್ಮ ಶಾಲೆಗಳ ಬೇಸಿಗೆ ರಜೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ ಮಳೆ ಕಡಿಮೆ ಇರುವ ತಿಂಗಳುಗಳಲ್ಲಿ ಮೇ ಒಂದು. ಮಿಜ್ ಎಂದು ಕರೆಯುವ, ಬರಿಗಣ್ಣಿಗೆ ಕಷ್ಟದಿಂದ ಕಾಣುವ ಕಚ್ಚುವ ನೊಣಗಳ ಕಾಟವೂ ಜೂನ್‌ವರೆಗೆ ಬಲವಾಗಿರುವುದಿಲ್ಲ. ಮೇ ನಡುವಿನಲ್ಲಿ ಸ್ಕೈ ದ್ವೀಪದಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಆದರೆ ಮೇ ಕೊನೆಯ ವಾರದಲ್ಲಿ ಇಂಗ್ಲೆಂಡಿನ ಶಾಲೆಗಳಿಗೆ ಅರ್ಧಾವಧಿ ರಜೆ ಇರುವುದರಿಂದ, ಆ ಹೊತ್ತಿಗೆ ಇಂಗ್ಲೆಂಡಿನ ಸರೋವರಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟ್ ದಾಟಿರುವಂತೆ ದಿನಗಳನ್ನು ಹೊಂದಿಸಿಕೊಳ್ಳಿ.

ಕಾಗದಪತ್ರಗಳ ಬಗ್ಗೆ ಎರಡು ಮಾತು. ವೀಸಾಕ್ಕೆ ಪ್ರಯಾಣದ ಮೂರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೆಂಟರ ಒಳಗಿನವರ ಅರ್ಜಿಯಲ್ಲಿ ಜೊತೆಗೆ ಬರುವ ದೊಡ್ಡವರ ವಿವರ ಕೊಡಬೇಕು, ಮತ್ತು ತಂದೆ ತಾಯಿಯರಲ್ಲಿ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಸಹಿ ಇರುವ ಒಪ್ಪಿಗೆ ಪತ್ರವನ್ನೂ ಜನನ ಪ್ರಮಾಣಪತ್ರವನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಭಾರತದ ಚಾಲನಾ ಪರವಾನಗಿಯಲ್ಲಿ ಅಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು. ಹಾಗಿದ್ದರೂ ಕೆಲವು ಬಾಡಿಗೆ ಕಂಪನಿಗಳು ಅಂತರರಾಷ್ಟ್ರೀಯ ಪರವಾನಗಿಯನ್ನು ಕೇಳುವುದರಿಂದ ಆರ್‌ಟಿಒದಿಂದ ಅದನ್ನೂ ಮಾಡಿಸಿಕೊಂಡು ಹೋಗುವುದು ಒಳ್ಳೆಯದು. ಕಾರು ಪಡೆಯುವಾಗ ಚಾಲಕರ ಹೆಸರಿನಲ್ಲಿಯೇ ಇರುವ ಕ್ರೆಡಿಟ್ ಕಾರ್ಡ್ ಬೇಕಾಗುತ್ತದೆ, ಏಕೆಂದರೆ ಮುಂಗಡವಾಗಿ ದೊಡ್ಡ ಮೊತ್ತವೊಂದನ್ನು ಅದರಲ್ಲಿ ತಡೆಹಿಡಿಯುತ್ತಾರೆ. ಆಟೊಮ್ಯಾಟಿಕ್ ಕಾರಿಗೆ ಬಾಡಿಗೆ ಹೆಚ್ಚು. ಆದರೂ ಅದನ್ನೇ ತೆಗೆದುಕೊಳ್ಳಿ. ಕಾರು ಚಿಕ್ಕದಾದಷ್ಟೂ ಒಳ್ಳೆಯದು. ಇಬ್ಬರ ಎರಡು ಪೆಟ್ಟಿಗೆಗಳು ಡಿಕ್ಕಿಯಲ್ಲಿ ಹಿಡಿದರೆ ಸಾಕು.

ಎಡಿನ್‌ಬರೋದಲ್ಲಿ ಕಾರು ಬೇಡವೇ ಬೇಡ. ಕೋಟೆ, ರಾಯಲ್ ಮೈಲ್, ವಸ್ತುಸಂಗ್ರಹಾಲಯ ಎಲ್ಲವೂ ನಡೆದು ಹೋಗುವ ದೂರದಲ್ಲಿವೆ, ಊರಿನ ನಡುವೆ ನಿಲುಗಡೆಗೆ ಸುರಿಯುವ ಹಣದಲ್ಲಿ ಒಂದು ಹೊತ್ತಿನ ಊಟ ಮುಗಿಯುತ್ತದೆ. ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಕೋಟೆಯಿಂದ ಫಿರಂಗಿ ಹಾರಿಸುವುದನ್ನು ನೋಡುವಂತೆ ಕೋಟೆಯ ಟಿಕೆಟ್ಟನ್ನು ಮುಂಚೆಯೇ ಕಾದಿರಿಸಬಹುದು. 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಗುಡ್ಡವನ್ನು ಸಂಜೆಗೆ ಉಳಿಸಿಕೊಳ್ಳಿ. ಊರು ಬಿಡುವ ದಿನ ಬೆಳಿಗ್ಗೆ ಟ್ರಾಮಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಿ ಅಲ್ಲಿಯೇ ಕಾರು ಪಡೆದರೆ ನೇರವಾಗಿ ಹೆದ್ದಾರಿಗೆ ಸೇರಿಕೊಳ್ಳಬಹುದು.

ಅಲ್ಲಿಯೂ ರಸ್ತೆಯ ಎಡಬದಿಯಲ್ಲಿಯೇ ಓಡಿಸುವುದರಿಂದ ನಮಗೆ ಅರ್ಧ ಕಷ್ಟ ಕಡಿಮೆ. ಉಳಿದ ಅರ್ಧ ಇರುವುದು ಅಭ್ಯಾಸಗಳಲ್ಲಿ. ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಲೇಬೇಕು, ನುಗ್ಗಿದರೆ ಅವರೇ ನಿಲ್ಲುತ್ತಾರೆ ಎನ್ನುವ ಬೆಂಗಳೂರಿನ ನಂಬಿಕೆ ಅಲ್ಲಿ ಅಪಾಯಕಾರಿ. ಮೋಟಾರುಮಾರ್ಗದಲ್ಲಿ ಎಡ ಸಾಲಿನಲ್ಲಿಯೇ ಇರಬೇಕು, ಬಲ ಸಾಲು ಹಿಂದಿಕ್ಕುವುದಕ್ಕೆ ಮಾತ್ರ. ವೇಗದ ಫಲಕಗಳೆಲ್ಲ ಮೈಲಿಯಲ್ಲಿರುತ್ತವೆ: ಊರೊಳಗೆ 30, ಅನೇಕ ಕಡೆ 20, ವಿಭಜಕವಿಲ್ಲದ ಹೊರರಸ್ತೆಗಳಲ್ಲಿ 60, ಮೋಟಾರುಮಾರ್ಗದಲ್ಲಿ 70. ಹಾರ್ನ್ ಸದ್ದು ದಿನಗಟ್ಟಲೆ ಕೇಳಿಸುವುದಿಲ್ಲ. ಎದುರಿನ ಕಾರು ದೀಪ ಮಿನುಗಿಸಿದರೆ ನಮ್ಮಲ್ಲಿ “ನಾನು ಬರುತ್ತಿದ್ದೇನೆ, ನಿಲ್ಲು” ಎಂದು ಅರ್ಥ. ಅಲ್ಲಿ ಹೆಚ್ಚಾಗಿ “ನೀವು ಮೊದಲು ಬನ್ನಿ” ಎಂಬ ಸೌಜನ್ಯ ಅದು. “ಅಮ್ಮಾ, ಅವ್ರು ಬೈತಿಲ್ಲ, ದಾರಿ ಬಿಡ್ತಿದ್ದಾರೆ, ಹೋಗು” ಎಂದು ಮಗಳು ಆಗಾಗ ನೆನಪಿಸಬೇಕಾಗುತ್ತಿತ್ತು.

ದಾರಿ ತೋರಿಸುವ ಕೆಲಸವನ್ನು ಪೂರ್ತಿಯಾಗಿ ಮಕ್ಕಳಿಗೆ ವಹಿಸಿಬಿಡಿ ಎನ್ನುವುದು ನನ್ನ ಮುಖ್ಯ ಸಲಹೆ. ನೆಪಮಾತ್ರಕ್ಕೆ ವಹಿಸಿದರೆ ಅವರಿಗೆ ಅದು ಕೂಡಲೇ ತಿಳಿಯುತ್ತದೆ. ಹಿಂದಿನ ರಾತ್ರಿ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳುವುದು (ಬೆಟ್ಟಸೀಮೆಯಲ್ಲಿ ನೆಟ್‌ವರ್ಕ್ ಮಾಯವಾಗುತ್ತದೆ), ಪೆಟ್ರೋಲ್ ಬಂಕ್ ಎಲ್ಲಿದೆ ಎಂದು ನೋಡುವುದು, ನಿಲುಗಡೆಯ ಯಂತ್ರಕ್ಕೆ ಹಣ ಕಟ್ಟುವುದು, ಮಧ್ಯಾಹ್ನದ ಊಟದ ಜಾಗ ಆರಿಸುವುದು ಇವೆಲ್ಲ ಮಗಳ ಜವಾಬ್ದಾರಿಯಾಗಿದ್ದವು. ಫೋನಿನಲ್ಲಿ ಮುಳುಗಿ ಕಿಟಕಿಯ ಹೊರಗೆ ನೋಡುವುದೇ ಇಲ್ಲ ಎಂಬ ದೂರಿಗೆ ಇದರಿಂದ ಆಸ್ಪದವೇ ಉಳಿಯಲಿಲ್ಲ, ಏಕೆಂದರೆ ಫೋನಿನಲ್ಲಿದ್ದದ್ದು ನಕ್ಷೆ. ಕಾರಿನೊಳಗಿನ ಹೊತ್ತು ದಿನಕ್ಕೆ ನಾಲ್ಕು ಗಂಟೆ ಮೀರದಂತೆ ನೋಡಿಕೊಳ್ಳಿ. ಮೈಲಿ ನೋಡಿ ಹೊತ್ತು ಅಂದಾಜು ಮಾಡುವುದು ಅಲ್ಲಿ ನಡೆಯದು; ಎಡಿನ್‌ಬರೋದಿಂದ ಸ್ಕೈ ದ್ವೀಪದ ಪೋರ್ಟ್ರೀಗೆ ಸುಮಾರು 235 ಮೈಲಿ, ಆದರೆ ಎಲ್ಲಿಯೂ ನಿಲ್ಲದೆ ಹೋದರೂ ಐದೂವರೆ ಆರು ಗಂಟೆ ಹಿಡಿಯುತ್ತದೆ. ಇದೇ ಕಾರಣಕ್ಕೆ 500 ಮೈಲಿಗೂ ಮಿಕ್ಕ ನಾರ್ತ್ ಕೋಸ್ಟ್ 500 ಎಂಬ ಪ್ರಸಿದ್ಧ ಕರಾವಳಿ ಸುತ್ತನ್ನು ಇಂಗ್ಲೆಂಡಿನ ಜೊತೆ ಸೇರಿಸಬೇಡಿ ಎಂದೇ ಹೇಳುತ್ತೇನೆ.

ಸ್ಟರ್ಲಿಂಗ್ ಕೋಟೆ ನೋಡಿದ ಮೇಲೆ ಹೆಚ್ಚಿನವರು ಲಾಕ್ ಲೋಮಂಡ್ ಸರೋವರದ ಬದಿಯ ಎ82 ರಸ್ತೆ ಹಿಡಿಯುತ್ತಾರೆ. ಅದರ ಉತ್ತರದ ತುದಿ ಬಹಳ ಇಕ್ಕಟ್ಟು. ನಾವು ಕ್ರೀಫ್ ಊರಿನ ಮೂಲಕ ಎ85ರಲ್ಲಿ ಹೋದೆವು, ಅದಕ್ಕೆ ಬೇರೊಂದು ಕಾರಣವೂ ಇತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಪಡೆಯ ನಾಯಕ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಅದಕ್ಕೂ ಮುಂಚೆ, 1780ರ ಪೊಳ್ಳಿಲೂರು ಕದನದಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿಯೇ ವರ್ಷಗಟ್ಟಲೆ ಬಂದಿಯಾಗಿದ್ದವನು. 1829ರಲ್ಲಿ ಕ್ರೀಫ್ ಬಳಿ ತೀರಿಕೊಂಡ ಅವನ ಹೆಸರಿನಲ್ಲಿ ಹೆಂಡತಿ ಕಟ್ಟಿಸಿದ ಎತ್ತರದ ಕಲ್ಲಿನ ಸ್ತಂಭವೊಂದು ಕ್ರೀಫ್ ಮತ್ತು ಕಾಮ್ರಿ ಊರುಗಳ ನಡುವಿನ ಗುಡ್ಡದ ಮೇಲೆ ನಿಂತಿದೆ. ಹೆಸರುವಾಸಿ ತಾಣವೇನಲ್ಲ, ಮೈಸೂರು ಕಡೆಯವರಿಗೆ ಮಾತ್ರ ಅದನ್ನು ದಾಟಿ ಹೋಗುವುದು ಕಷ್ಟ.

ಗ್ಲೆನ್‌ಕೋ ಕಣಿವೆಯಲ್ಲಿ ಮೋಡ ಇಳಿದಿದ್ದರೂ ನಿಲ್ಲಿ. ಅತಿಥಿಗಳಾಗಿ ಮನೆಗಳಲ್ಲಿ ಉಂಡು ಮಲಗಿದ್ದ ಸೈನಿಕರೇ 1692ರ ಫೆಬ್ರವರಿಯ ಬೆಳಗಿನ ಜಾವ ಮ್ಯಾಕ್‌ಡೊನಾಲ್ಡ್ ಕುಲದವರನ್ನು ಕೊಂದ ಜಾಗ ಅದು. ಪಠ್ಯಪುಸ್ತಕದ ಇತಿಹಾಸಕ್ಕೆ ಆಕಳಿಸುವ ಮಗಳು ಅಲ್ಲಿ ಬಹಳ ಹೊತ್ತು ಪ್ರಶ್ನೆ ಕೇಳುತ್ತಿದ್ದಳು. ಫೋರ್ಟ್ ವಿಲಿಯಂ ದಾಟಿದರೆ ಗ್ಲೆನ್‌ಫಿನ್ನನ್ ಸೇತುವೆ, ಹ್ಯಾರಿ ಪಾಟರ್ ಸಿನಿಮಾದಲ್ಲಿ ಉಗಿಬಂಡಿ ಸಾಗುವ 21 ಕಮಾನುಗಳ ಸೇತುವೆ. ರೈಲು ದಾಟುವ ವೇಳೆ ತಿಳಿದುಕೊಂಡು, ಅದಕ್ಕೆ ಕನಿಷ್ಠ ಒಂದೂವರೆ ಗಂಟೆ ಮುಂಚೆ ಹೋಗದಿದ್ದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ರಸ್ತೆಯ ಅಂಚಿನಲ್ಲಿ ನಿಲ್ಲಿಸಿದರೆ ದಂಡ ಬೀಳುತ್ತದೆ. ಅಲ್ಲಿಂದ ಮ್ಯಾಲೇಗ್‌ಗೆ ಹೋಗಿ ಫೆರಿಯಲ್ಲಿ ಕಾರನ್ನೂ ಹತ್ತಿಸಿಕೊಂಡು ಸ್ಕೈ ತಲುಪಬಹುದು, ಆದರೆ ಫೆರಿಯ ಜಾಗವನ್ನು ಮುಂಚಿತವಾಗಿಯೇ ಕಾದಿರಿಸಬೇಕು. ಮರಳುವಾಗ 1995ರಲ್ಲಿ ಕಟ್ಟಿದ ಸೇತುವೆಯಿದೆ, ಸುಂಕವಿಲ್ಲ.

ಸ್ಕೈ ದ್ವೀಪದ ಅನೇಕ ರಸ್ತೆಗಳು ಒಂದೇ ಕಾರಿನ ಅಗಲದವು. ಆಗುಂಬೆ ಘಾಟಿಯಲ್ಲಿ ಕಾರು ಓಡಿಸಿದವರನ್ನು ಅಲ್ಲಿನ ತಿರುವುಗಳು ಹೆದರಿಸುವುದಿಲ್ಲ, ಅಗಲ ಹೆದರಿಸುತ್ತದೆ. ಅಲ್ಲಲ್ಲಿ ‘ಪಾಸಿಂಗ್ ಪ್ಲೇಸ್’ ಎಂಬ ಫಲಕದ ಬಳಿ ರಸ್ತೆ ತುಸು ಉಬ್ಬಿಕೊಂಡಿರುತ್ತದೆ; ಎದುರು ವಾಹನ ಕಂಡಾಗ ಯಾರಿಗೆ ಅದು ಹತ್ತಿರವೋ ಅವರು ಅಲ್ಲಿ ತಡೆಯಬೇಕು. ಆ ಜಾಗ ನಮ್ಮ ಎಡಕ್ಕಿದ್ದರೆ ಅದರೊಳಗೆ ಹೋಗಬೇಕು. ಬಲಕ್ಕಿದ್ದರೆ ರಸ್ತೆ ದಾಟಿ ಆ ಬದಿಗೆ ಹೋಗದೆ, ನಮ್ಮ ಎಡದಲ್ಲಿಯೇ ಅದರ ಎದುರಿಗೆ ನಿಂತು, ಬರುವವರು ಅದರೊಳಗಿಂದ ಸುತ್ತಿ ಹೋಗಲು ಬಿಡಬೇಕು. ಹಿಂದೆ ಸ್ಥಳೀಯರ ಕಾರು ಬೆನ್ನು ಹತ್ತಿದ್ದರೂ ಹೀಗೆಯೇ ತಡೆದು ಮುಂದೆ ಬಿಡುವುದು ರೂಢಿ. ಕ್ವಿರೈಂಗ್ ಬೆಟ್ಟದ ಏರಿನಲ್ಲಿ ನಮಗೆ ಎದುರಾದ ದೊಡ್ಡ ಕ್ಯಾಂಪರ್ ವ್ಯಾನಿಗೆ ಹಿಂದೆ ಸರಿಯಲು ಆಗದೆ, ನಾನು ಹಿಮ್ಮುಖವಾಗಿ ಇಳಿಯಬೇಕಾಯಿತು. ಮಗಳು ಇಳಿದು ಹಿಂದೆ ನಿಂತು, ಚಕ್ರ ಹುಲ್ಲಂಚಿನ ಕಡೆ ಎಷ್ಟು ದೂರವಿದೆ ಎಂದು ಕೈಯಳತೆಯಲ್ಲಿ ತೋರಿಸುತ್ತ ಬಂದಳು. ವ್ಯಾನಿನ ಚಾಲಕರು ದಾಟುವಾಗ ಸ್ಟೀರಿಂಗಿನ ಮೇಲಿದ್ದ ಕೈಯಿಂದ ಒಂದು ಬೆರಳು ಮಾತ್ರ ಎತ್ತಿದರು. ಅದು ಅಲ್ಲಿನ ಧನ್ಯವಾದ. ಈ ಜಾಗಗಳಲ್ಲಿ ಫೋಟೊ ತೆಗೆಯಲೆಂದು ಕಾರು ನಿಲ್ಲಿಸಿ ಹೋಗುವುದು ದೊಡ್ಡ ಅಸಭ್ಯತೆ. ಓಲ್ಡ್ ಮ್ಯಾನ್ ಆಫ್ ಸ್ಟಾರ್ ಬಂಡೆಗೆ ಬೆಳಿಗ್ಗೆ ಏಳಕ್ಕೆ ಮುಂಚೆ ಹೋದರೆ ನಿಲುಗಡೆಯೂ ಸುಲಭ, ಏರುದಾರಿಯೂ ನಿಮ್ಮದೇ. ದ್ವೀಪದ ವಸತಿ ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತದೆ, ಆದ್ದರಿಂದ ವಿಮಾನದ ಟಿಕೆಟ್ಟಿನ ಬೆನ್ನಲ್ಲಿಯೇ ಇದನ್ನು ಗೊತ್ತುಮಾಡಿಕೊಳ್ಳಿ.

ಸಸ್ಯಾಹಾರಿಗಳು ಅಲ್ಲಿ ಉಪವಾಸ ಬೀಳುವುದಿಲ್ಲ. ಹ್ಯಾಗಿಸ್ ಎಂಬ ಮಾಂಸದ ತಿನಿಸಿಗೂ ಓಟ್ಸ್, ಬೇಳೆಕಾಳಿನ ಸಸ್ಯಾಹಾರಿ ರೂಪವಿದೆ, ಚೆನ್ನಾಗಿಯೂ ಇರುತ್ತದೆ. ತೊಂದರೆಯಾಗುವುದು ವೇಳೆಯದು. ಸಣ್ಣ ಊರುಗಳ ಅಡುಗೆಮನೆಗಳು ರಾತ್ರಿ ಎಂಟೂವರೆಗೆ ಮುಚ್ಚಿಬಿಡುತ್ತವೆ, ಆಕಾಶದಲ್ಲಿ ಬೆಳಕಿರುವಾಗ ಹೊತ್ತಾದದ್ದೇ ತಿಳಿಯುವುದಿಲ್ಲ. ಅಡುಗೆಮನೆಯಿರುವ ಯೂತ್ ಹಾಸ್ಟೆಲ್‌ಗಳಲ್ಲಿ ಇಬ್ಬರಿಗೇ ಪ್ರತ್ಯೇಕ ಕೋಣೆ ದೊರೆಯುತ್ತದೆ. ಊರಿನಿಂದ ತಂದ ಪುಳಿಯೋಗರೆ ಗೊಜ್ಜು ಅಲ್ಲಿ ಬಹಳ ಕೆಲಸಕ್ಕೆ ಬಂತು. ಹಾಲಿನ ಪದಾರ್ಥಗಳನ್ನು ಭಾರತದಿಂದ ಒಯ್ಯುವಂತಿಲ್ಲ, ಆದ್ದರಿಂದ ತುಪ್ಪ, ಪೇಡಗಳನ್ನು ಮನೆಯಲ್ಲಿಯೇ ಬಿಡಿ. ಕುಡಿಯಲು ನಲ್ಲಿ ನೀರು ಸಾಕು.

ಲಾಕ್ ನೆಸ್ ಸರೋವರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 230 ಮೀಟರ್ ಆಳದ ಕಪ್ಪು ನೀರು, ದಂಡೆಯ ಅರ್ಕಾರ್ಟ್ ಕೋಟೆ, ಆಟಿಕೆ ಅಂಗಡಿಗಳು. ಎರಡು ಗಂಟೆ ಸಾಕು. ಇನ್ವರ್ನೆಸ್ ಪಕ್ಕದ ಕಲೊಡೆನ್ ಬಯಲಿಗೆ ಆ ಹೊತ್ತನ್ನು ಕೊಡಿ. 1746ರ ಏಪ್ರಿಲ್ 16ರಂದು ಬಂಡುಕೋರರಿಗೂ ಸರ್ಕಾರಿ ಸೇನೆಗೂ ನಡೆದು ಒಂದು ಗಂಟೆಯೊಳಗೆ ಮುಗಿದ ಕಾಳಗದ ಎರಡು ಪಡೆಗಳ ಸಾಲುಗಳನ್ನು ಕೆಂಪು ಮತ್ತು ನೀಲಿ ಬಾವುಟಗಳಿಂದ ಗುರುತಿಸಿದ್ದಾರೆ, ಕುಲದ ಹೆಸರು ಕೆತ್ತಿದ ಕಲ್ಲುಗಳು ಹುಲ್ಲಿನಲ್ಲಿ ನಿಂತಿವೆ. ಬಯಲಿನಲ್ಲಿ ನಡೆದಾಡಲು ಟಿಕೆಟ್ ಬೇಕಿಲ್ಲ.

ದಕ್ಷಿಣಕ್ಕೆ ಇಳಿಯುವ ಎ9 ರಸ್ತೆಯಲ್ಲಿ ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳಿವೆ. ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಒತ್ತುವ ಉಪಾಯ ಇಲ್ಲಿ ಫಲಿಸದು. ಗಡಿಯ ಗ್ರೆಟ್ನಾ ಗ್ರೀನ್‌ನಲ್ಲಿ ಕಾಫಿಗೆ ನಿಲ್ಲಬಹುದು. 1754ರಲ್ಲಿ ಇಂಗ್ಲೆಂಡಿನ ವಿವಾಹ ಕಾಯಿದೆ ಬಿಗಿಯಾದ ಮೇಲೆ ಅಲ್ಲಿನ ಹುಡುಗ ಹುಡುಗಿಯರು ಓಡಿಬಂದು ಮದುವೆಯಾಗುತ್ತಿದ್ದ ಕಮ್ಮಾರಸಾಲೆ ಮಗಳಿಗೆ ಅಗತ್ಯಕ್ಕಿಂತ ಹೆಚ್ಚಾಗಿಯೇ ಹಿಡಿಸಿತು. ಲೇಕ್ ಡಿಸ್ಟ್ರಿಕ್ಟಿನಲ್ಲಿ ವಿಂಡರ್‌ಮಿಯರ್‌ಗಿಂತ ಕೆಸ್ವಿಕ್ ಮೇಲು. ಅಲ್ಲಿ ಕಾರು ನಿಲ್ಲಿಸಿ ಬಸ್ಸು, ದೋಣಿಗಳಲ್ಲಿ ಓಡಾಡಿ. ಹಾರ್ಡ್‌ನಾಟ್ ಕಣಿವೆದಾರಿಯ ಏರು ಮೂರಕ್ಕೆ ಒಂದರಷ್ಟು ಕಡಿದಾಗಿರುವುದರಿಂದ ಬಾಡಿಗೆ ಕಾರಿನಲ್ಲಿ ಆ ಸಾಹಸ ಬೇಡ.

ಇಂಗ್ಲೆಂಡಿನ ಭಾಗದಲ್ಲಿ ನಾನು ಒಂದು ದಿನ ಹೆಚ್ಚು ಕೊಡಿ ಎನ್ನುವುದು ಹೇಡ್ರಿಯನ್ ಗೋಡೆಗೆ. ಕ್ರಿ.ಶ. 122ರಲ್ಲಿ ರೋಮನ್ನರು ಕಟ್ಟಲು ತೊಡಗಿದ 73 ಮೈಲಿಯ ಈ ಗೋಡೆಯನ್ನು ಸ್ಟೀಲ್ ರಿಗ್ ಬಳಿ ಗುಡ್ಡದ ಏರಿಳಿತದ ಮೇಲೆಯೇ ನಡೆಯುತ್ತ ನೋಡಬಹುದು. ಹೌಸ್‌ಸ್ಟೆಡ್ಸ್ ಕೋಟೆಯಲ್ಲಿ ಸೈನಿಕರು ಸಾಲಾಗಿ ಕೂರುತ್ತಿದ್ದ ಶೌಚಾಲಯದ ಕಾಲುವೆಗಳು ಇನ್ನೂ ಇವೆ. ಸಮೀಪದ ವಿಂಡೊಲಾಂಡದಲ್ಲಿ ತೆಳು ಮರದ ಹಲಗೆಗಳ ಮೇಲೆ ಬರೆದ ಪತ್ರಗಳು ಮಣ್ಣಿನಲ್ಲಿ ಸಿಕ್ಕಿವೆ. ಒಂದರಲ್ಲಿ ಸೈನಿಕನೊಬ್ಬನಿಗೆ ಕಾಲುಚೀಲ, ಪಾದರಕ್ಷೆ ಮತ್ತು ಎರಡು ಒಳಚಡ್ಡಿ ಕಳುಹಿಸಿದ ಸುದ್ದಿಯಿದೆ. ಇನ್ನೊಂದರಲ್ಲಿ ಅಧಿಕಾರಿಯ ಹೆಂಡತಿಯೊಬ್ಬಳು ಗೆಳತಿಯನ್ನು ಹುಟ್ಟುಹಬ್ಬಕ್ಕೆ ಕರೆದಿದ್ದಾಳೆ. ಮೂಲ ಹಲಗೆಗಳಲ್ಲಿ ಹೆಚ್ಚಿನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವುದರಿಂದ, ಇಲ್ಲಿ ಅಗೆತದ ಜಾಗವನ್ನು ನೋಡಿ ಅಲ್ಲಿ ಹಲಗೆಗಳನ್ನು ನೋಡುವ ಅವಕಾಶವಿದೆ.

ಯಾರ್ಕ್ ತಲುಪಿದ ದಿನವೇ ಕಾರನ್ನು ಒಪ್ಪಿಸಿಬಿಡಿ. ಬೇರೆ ಊರಿನಲ್ಲಿ ಹಿಂದಿರುಗಿಸುವುದಕ್ಕೆ ಹೆಚ್ಚುವರಿ ಶುಲ್ಕ ತೆರಬೇಕು, ಆದರೆ ಲಂಡನ್ನಿನ ದಟ್ಟಣೆ ಶುಲ್ಕ, ನಿಲುಗಡೆ ಮತ್ತು ತಲೆನೋವು ಉಳಿಯುತ್ತದೆ. ಯಾರ್ಕ್‌ನ ಕೋಟೆಗೋಡೆಯ ಮೇಲೆ ನಡೆಯುವುದು ಉಚಿತ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ದಾಖಲೆ ಮಾಡಿದ ಮಲಾರ್ಡ್ ಇರುವ ರೈಲ್ವೆ ಮ್ಯೂಸಿಯಂ ಸಹ ಉಚಿತ. ಅಲ್ಲಿಂದ ಲಂಡನ್ನಿಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಹದಿನಾರರ ಒಳಗಿನವರಿಗೆ ಅರ್ಧ ದರ, ಮುಂಗಡ ಟಿಕೆಟ್ಟಿಗೆ ಇನ್ನೂ ಅಗ್ಗ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಟಿಪ್ಪುವಿನ ಹುಲಿ ನೋಡಲೆಂದೇ ಹೋಗುವವರು ಆ ವಿಭಾಗ ತೆರೆದಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ಅಂತಹ ಅಡ್ಡಿಯಿಲ್ಲ, ವೆಸ್ಟ್‌ಮಿನ್‌ಸ್ಟರ್‌ನಿಂದ ನಡೆದೇ ಹೋಗಬಹುದು.

ಕಾರು ಪಡೆಯುವಾಗಲೂ ಒಪ್ಪಿಸುವಾಗಲೂ ನಾಲ್ಕೂ ಬದಿಯ, ಚಕ್ರಗಳ ಮತ್ತು ಪೆಟ್ರೋಲ್ ಮುಳ್ಳಿನ ಫೋಟೊ ತೆಗೆದಿಟ್ಟುಕೊಳ್ಳಿ. ನಿಲುಗಡೆ ಅಥವಾ ವೇಗದ ದಂಡವೇನಾದರೂ ಇದ್ದರೆ ಅದು ಮೊದಲು ಬಾಡಿಗೆ ಕಂಪನಿಗೆ ಹೋಗಿ, ಅವರ ನಿರ್ವಹಣಾ ಶುಲ್ಕವನ್ನೂ ಹೊತ್ತುಕೊಂಡು ವಾರಗಳ ನಂತರ ನಿಮ್ಮ ಕಾರ್ಡಿಗೆ ಬರುತ್ತದೆ. ಊರಿಗೆ ಮರಳಿ ಒಂದೆರಡು ತಿಂಗಳವರೆಗೆ ಆ ಫೋಟೊಗಳನ್ನೂ ನಿಲುಗಡೆಯ ರಸೀದಿಗಳನ್ನೂ ಅಳಿಸಬೇಡಿ, ಎಸೆಯಬೇಡಿ.