ಕೀಲಿನೊಳಗಿನ ಲೋಳೆ

ಆರೋಗ್ಯವಾಗಿರುವ ದನದ ಕೀಲಿಗೆ ಸೂಜಿ ಹಾಕಿ ಒಂದಿಷ್ಟು ನೀರು ತೆಗೆದರೆ ಅದು ಟಪ್ ಎಂದು ಹನಿಯಾಗಿ ಬೀಳುವುದಿಲ್ಲ. ಸಿರಿಂಜಿನ ತುದಿಯಿಂದ ಲೋಳೆಯಾಗಿ ಜಗ್ಗುತ್ತದೆ. ಗ್ಲೌಸ್ ಹಾಕಿದ ಎರಡು ಬೆರಳಿನ ನಡುವೆ ಇಟ್ಟು ಮೆಲ್ಲಗೆ ಅಗಲಿಸಿದರೆ ಎರಡು ಸೆಂಟಿಮೀಟರಿಗಿಂತ ಉದ್ದದ ಎಳೆ ಬರುತ್ತದೆ, ಆಮೇಲೆ ತುಂಡಾಗುತ್ತದೆ. ಲ್ಯಾಬಿಗೆ ಕಳಿಸುವ ಮೊದಲು ನಾನು ನೋಡುವುದು ಇದನ್ನೇ. ಕೊಟ್ಟಿಗೆಯಲ್ಲಿ ನಿಂತು ಚಿಕಿತ್ಸೆ ಮಾಡುವ ಪಶುವೈದ್ಯರಿಗೆ ಖರ್ಚಿಲ್ಲದ ಒಳ್ಳೆಯ ಪರೀಕ್ಷೆ.

ಈ ಜಿಗುಟಿಗೆ ಮುಖ್ಯ ಕಾರಣ ಹಯಾಲುರಾನಿಕ್ ಆಸಿಡ್. ಹೌದು, ಮುಖಕ್ಕೆ ಹಚ್ಚುವ ಸೀರಮ್ ಬಾಟಲಿಯ ಮೇಲೆ ಬರೆದಿರುತ್ತಾರಲ್ಲ, ಅದೇ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ಲೋಳೆಯಿಂದ. ದನದ ಡಾಕ್ಟರಾದ ನನಗೆ ಇದು ಹೆಮ್ಮೆಯ ವಿಷಯ! ಗ್ಲೈಕೋಸಮಿನೋಗ್ಲೈಕಾನ್ ಅನ್ನುವ ಕುಟುಂಬಕ್ಕೆ ಇದು ಸೇರಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಕೂಡ ಇದೇ ಕುಟುಂಬದ್ದು. ಎಲ್ಲವೂ ಸಕ್ಕರೆಯ ಅಣುಗಳಿಂದಾದ ಉದ್ದ ಸರಪಳಿಗಳು. ಮೈತುಂಬ ಋಣ ವಿದ್ಯುದಂಶ ಇರುವುದರಿಂದ ಸೋಡಿಯಂ ಅನ್ನು ಸೆಳೆಯುತ್ತವೆ, ಅದರ ಹಿಂದೆಯೇ ನೀರೂ ಬರುತ್ತದೆ. ನಿಮ್ಮ ಮಂಡಿಯಲ್ಲೂ ನಿಮ್ಮ ಎಮ್ಮೆಯ ಮಂಡಿಯಲ್ಲೂ ಹಯಾಲುರಾನಿಕ್ ಆಸಿಡ್‌ನ ರಚನೆ ಒಂದೇ.

ಈ ಎಳೆ ಹಾಳಾಗಿರುವುದನ್ನು ನಾನು ಜಾಸ್ತಿ ನೋಡುವುದು ಎಳೆಗರುಗಳಲ್ಲಿ. ಹುಟ್ಟಿ ಒಂದೆರಡು ವಾರ ಆಗಿರುತ್ತದೆ. ಮುಂಗಾಲಿನ ಮಂಡಿ ಊದಿ ಬಿಸಿಯಾಗಿರುತ್ತದೆ. ಎದ್ದು ಹಾಲು ಕುಡಿಯಲು ಆಗುವುದಿಲ್ಲ. "ಹಸು ತುಳಿದಿರಬೇಕು ಮೇಡಂ" ಅನ್ನುತ್ತಾರೆ ಮನೆಯವರು. ಸೂಜಿ ಹಾಕಿದರೆ ಬರುವುದು ಕದಡಿದ, ನೀರುನೀರಾದ ದ್ರವ. ಬೆರಳು ಅಗಲಿಸಿದ ಕೂಡಲೇ ಕಡಿದು ಹೋಗುತ್ತದೆ. ಹೊಕ್ಕುಳಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾ ರಕ್ತದ ಜೊತೆ ಕೀಲಿಗೆ ಬಂದಿರುತ್ತದೆ. ಸೋಂಕಿನಿಂದ ಆ ಉದ್ದ ಸರಪಳಿಗಳು ತುಂಡಾಗಿರುತ್ತವೆ. ತಡಮಾಡಿದರೆ ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿಯೂ (ಕಾರ್ಟಿಲೇಜ್) ಹೋಗುತ್ತದೆ, ಕರು ಬದುಕಿದರೂ ಕುಂಟುತ್ತದೆ. ಇದನ್ನು ತಡೆಯಲು ದೊಡ್ಡ ಔಷಧಿಯೇನೂ ಬೇಡ. ಕರು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಹಸುವಿನ ಕಸ (ಮಾಸು) ಬೀಳುವವರೆಗೆ ಕಾಯದೆ, ಒಂದೆರಡು ಗಂಟೆಯೊಳಗೆ ಹೊಟ್ಟೆತುಂಬ ಗಿಣ್ಣದ ಹಾಲು ಕುಡಿಸಿ. ನೆಲ ಒಣಗಿರಲಿ.

ಮೃದ್ವಸ್ಥಿಯ ಕಥೆ ಬೇರೆ. ಅದರ ತೂಕದ ಮುಕ್ಕಾಲು ಪಾಲು ನೀರು. ಆ ನೀರನ್ನು ಹಿಡಿದಿಡುವುದು ಮುಖ್ಯವಾಗಿ ಅದೇ ಕುಟುಂಬದ ಕಾಂಡ್ರಾಯ್ಟಿನ್ ಸಲ್ಫೇಟ್ ಸರಪಳಿಗಳು. ಅಲ್ಲಿ ರಕ್ತನಾಳಗಳಿಲ್ಲ. ಕಾಲೂರಿದಾಗ ಸ್ಪಂಜಿನಂತೆ ಸ್ವಲ್ಪ ನೀರು ಹೊರಗೆ, ಎತ್ತಿದಾಗ ಒಳಗೆ. ಈ ಓಡಾಟವೇ ಅದಕ್ಕೆ ಪೋಷಣೆ ಒದಗಿಸುತ್ತದೆ.

ಹಾಗಾದರೆ ಕಾಂಡ್ರಾಯ್ಟಿನ್ ಮಾತ್ರೆ ನುಂಗಿಸಿದರೆ ಆಯ್ತು ಅಲ್ವಾ ಎಂದು ನಾಯಿ ಸಾಕಿದವರು ಕೇಳುತ್ತಾರೆ. ನುಂಗಿದ್ದು ಹಾಗೇ ಹೋಗಿ ಕೀಲಿಗೆ ಅಂಟಿಕೊಳ್ಳುವುದಿಲ್ಲ. ಮನುಷ್ಯರಲ್ಲಿ, ಮಂಡಿನೋವಿದ್ದ 1,583 ಜನರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಕೀಲುನೋವಿಗೆಂದು ನುಂಗುವ ಇನ್ನೊಂದು ಮಾತ್ರೆ ಗ್ಲುಕೋಸಮಿನ್ ಆಗಲಿ, ಕಾಂಡ್ರಾಯ್ಟಿನ್ ಆಗಲಿ, ಔಷಧವಿಲ್ಲದ ಬರೀ ಮಾತ್ರೆಗಿಂತ ಒಟ್ಟಾರೆ ಹೆಚ್ಚೇನೂ ನೋವು ಇಳಿಸಲಿಲ್ಲ. ಅದೇ ಇನ್ನೊಂದು ಕಡೆ, 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದರು. ಕಾಲುಭಾಗ ಕಡಿಮೆ ಊಟ ಸಿಕ್ಕ ನಾಯಿಗಳಿಗೆ ಕೀಲುಸವೆತ ತಡವಾಗಿ ಬಂತು, ಅವು ಹೆಚ್ಚು ಕಾಲ ಬದುಕಿದವು ಕೂಡ. ಆದ್ದರಿಂದ ದಪ್ಪಗಿನ ಲ್ಯಾಬ್ರಡಾರ್ ಕರೆತಂದವರಿಗೆ ನಾನು ಮೊದಲು ಮಾತ್ರೆ ಬರೆಯುವುದಿಲ್ಲ. ತಕ್ಕಡಿಗೆ ಹತ್ತಿಸುತ್ತೇನೆ. ಬಿಸ್ಕೆಟ್ ನಿಲ್ಲಿಸಿ, ಬೆಳಿಗ್ಗೆ ಸಂಜೆ ನಿಧಾನಕ್ಕೆ ನಡೆಸಿ, ತಿಂಗಳು ಬಿಟ್ಟು ಮತ್ತೆ ತೂಗೋಣ ಎಂದು ಬರೆದುಕೊಡುತ್ತೇನೆ.