ನಟ್ಟಿಗೆ ನಾಲ್ಕನೇ ಅಕ್ಷರ

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮ ಮಾವನ ಹಾರ್ಡ್‌ವೇರ್ ಅಂಗಡಿ ಇದೆ. ಅವರ ರೇಟ್ ಲಿಸ್ಟನ್ನು ಕನ್ನಡದಲ್ಲೇ ತೋರಿಸುವ ಸಣ್ಣ ಪೇಜ್ ಒಂದನ್ನು ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಒಂದು ಭಾನುವಾರದ ಕೆಲಸ, ಅಷ್ಟೇ ಅಲ್ವಾ ಅಂದುಕೊಂಡಿದ್ದೆ.

ಪೇಜ್ ಏನೋ ತೆರೆಯಿತು. ಆದರೆ 'ನಟ್' ವಿಭಾಗ ಒತ್ತಿದರೆ ಅರ್ಧ ಮಾಲು ನಾಪತ್ತೆ. ಕೋಡ್ ಬರೆಯುವ ಎಡಿಟರ್‌ನಲ್ಲಿ ಫೈಲ್ ತೆರೆದು, ಒಂದು ಸಾಲಿನಿಂದ 'ನಟ್' ಕಾಪಿ ಮಾಡಿ ಹುಡುಕಿದೆ. 9 ಕಡೆ ಸಿಕ್ಕಿತು. ನಾನೇ ಟೈಪ್ ಮಾಡಿ ಹುಡುಕಿದೆ. 23 ಕಡೆ! ಕಣ್ಣಿಗೆ ಎರಡೂ ಒಂದೇ.

ಎಡಿಟರೇ ಕೆಟ್ಟಿದೆ ಅಂತ ತೀರ್ಮಾನ ಮಾಡಿದೆ. ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಆಫ್ ಮಾಡಿದೆ, ಮುಚ್ಚಿ ತೆರೆದೆ, ಕೊನೆಗೆ ತೆಗೆದುಹಾಕಿ ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ, ಮಧ್ಯಾಹ್ನ ಮಾತ್ರ ಕಳೆಯಿತು.

ಸಿಟ್ಟಿಗೆ ಆ ಪದವನ್ನೇ ಅಳಿಸೋಣ ಅಂತ ಬ್ಯಾಕ್‌ಸ್ಪೇಸ್ ಒತ್ತಿದೆ. ಪದ ಹಾಗೇ ಇತ್ತು. ಇನ್ನೊಂದು ಸಲ ಒತ್ತಿದ ಮೇಲೆ 'ನಟ್' ಹೋಗಿ 'ನಟ' ಆಯಿತು. ಹಾಗಾದರೆ ಮೊದಲನೇ ಸಲ ಅಳಿಸಿದ್ದು ಏನು? ಪದದ ಅಕ್ಷರಗಳ ಕೋಡ್ ಪ್ರಿಂಟ್ ಮಾಡಿಸಿದೆ: 3240, 3231, 3277, 8204. ಮೊದಲ ಮೂರು ನ, ಟ, ಹಲಂತದ ಗುರುತು (್). ನಾಲ್ಕನೆಯದು ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಅಕ್ಷರ. ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯಿನರ್. ಲಿಸ್ಟಿನ ಒಂದು ಭಾಗವನ್ನು ಮಾವ ಡಿಟಿಪಿಯವರ ಹತ್ತಿರ ಮಾಡಿಸಿದ್ದರು, ಉಳಿದದ್ದನ್ನು ಮೊಬೈಲಿನಲ್ಲಿ ನಾನು ಕುಟ್ಟಿದ್ದೆ. ಡಿಟಿಪಿಯವರ ಸಾಲುಗಳಲ್ಲಿ ಮಾತ್ರ, ಹಲಂತದಿಂದ ಮುಗಿಯುವ ಪ್ರತಿ ಪದದ ಬಾಲಕ್ಕೂ ಇದು ಅಂಟಿಕೊಂಡು ಬಂದಿತ್ತು. ಕಣ್ಣಿಗೆ ಒಂದೇ ಆದರೂ ಕಂಪ್ಯೂಟರಿಗೆ ಆ ಎರಡು 'ನಟ್' ಬೇರೆ ಬೇರೆ.

ನಾಚಿಕೆಯ ವಿಷಯ ಇನ್ನೊಂದಿದೆ. ಕಾಣದ ಅಕ್ಷರಗಳ ಸುತ್ತ ಎಡಿಟರ್ ಹಳದಿ ಚೌಕ ಹಾಕಿ ತೋರಿಸುತ್ತಿತ್ತು. ಕನ್ನಡ ಫೈಲ್ ತುಂಬಾ ಚೌಕವೇ ಕಾಣುತ್ತದೆ, ಕಿರಿಕಿರಿ ಅಂತ ಆ ಸೆಟ್ಟಿಂಗನ್ನು ಕೆಲವು ತಿಂಗಳ ಹಿಂದೆ ಆಫ್ ಮಾಡಿದವನು ನಾನೇ.

ಗೊತ್ತಾದ ಖುಷಿಯಲ್ಲಿ ಎಲ್ಲ 8204ನ್ನೂ ಒಂದೇ ಏಟಿಗೆ ಅಳಿಸಿ, ಪೇಜನ್ನು ಮಾವನ ಮೊಬೈಲಿಗೆ ಕಳಿಸಿ, ಮಂಡಕ್ಕಿ ಮಿರ್ಚಿ ತಿನ್ನಲು ಹೋದೆ. ಮಿರ್ಚಿ ಇನ್ನೂ ಬಿಸಿ ಇತ್ತು, ಫೋನ್ ಬಂತು. "ಇದೇನೋ ಲಾಕ್ನಟ್ಟು? ಹಿಂಗೆ ಬರೆದ್ರೆ ಗಿರಾಕಿ ಓದ್ತಾನಾ?"

ಇಂಥ ಪದದ ನಡುವೆ ಆ ಕಾಣದ ಅಕ್ಷರ ಬೇಕೇ ಬೇಕು, ಇಲ್ಲದಿದ್ದರೆ 'ಲಾಕ್‌ನಟ್'ನ ನ ಹೋಗಿ ಕ ಕೆಳಗೆ ಒತ್ತಾಗಿ ಕೂರುತ್ತದೆ. ವಾಪಸ್ ಬಂದು ಹಳೇ ಫೈಲ್ ತೆಗೆದೆ, ಈ ಸಲ ಪದದ ಕೊನೆಯಲ್ಲಿರುವುದನ್ನಷ್ಟೇ ಅಳಿಸಿದೆ. ಹಳದಿ ಚೌಕ ಮತ್ತೆ ಆನ್ ಮಾಡಿದೆ. ಕಿರಿಕಿರಿ ಈಗಲೂ ಹಾಗೇ ಇದೆ.

ಮಾವನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಸರಿ, ಬೋಲ್ಟಿನ ರೇಟು ಎಲ್ಲಿ?" ಅಂದರು.