ಮೊಬೈಲ್ ಹಿಡಿದರೆ ಅಲ್ಲಾಡಲ್ಲ, ಕ್ಲಾಸಲ್ಲಿ ಮಾತ್ರ ಯಾಕೆ ಹೀಗೆ?

"ಮೇಡಂ, ಕ್ಲಾಸಲ್ಲಿ ಇವನಿಗೆ ಗಮನಾನೇ ಇಲ್ಲ ಅಂತೀರಿ. ಮನೇಲಿ ಮೊಬೈಲ್ ಕೊಟ್ಟರೆ ಗಂಟೆಗಟ್ಟಲೆ ಕೂರ್ತಾನೆ. ಹಾಗಾದ್ರೆ ಬೇಕೂಂತ ಮಾಡೋದು ಅಲ್ವಾ?" ಒಂದನೇ, ಎರಡನೇ ಕ್ಲಾಸಿಗೆ ಪಾಠ ಮಾಡುವ ನನಗೆ ಪೋಷಕರ ಸಭೆಯಲ್ಲಿ ಈ ಪ್ರಶ್ನೆ ತಪ್ಪುವುದಿಲ್ಲ.

ಅಲ್ಲ. ಮೊಬೈಲ್‌ನಲ್ಲಿ ಕ್ಷಣಕ್ಕೊಂದು ಬಣ್ಣ, ಸದ್ದು. ಅದೇ ಮಗುವನ್ನು ಹಿಡಿದಿಡುತ್ತದೆ. ಕ್ಲಾಸಲ್ಲಿ ಮಗು ತನ್ನನ್ನು ತಾನೇ ಹಿಡಿದಿಡಬೇಕು. ಎರಡೂ ಬೇರೆ ಕೆಲಸ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ ಇರುವ ಮಕ್ಕಳೂ ಮೊಬೈಲ್ ಮುಂದೆ ಸುಮ್ಮನೆ ಕೂರುತ್ತಾರೆ.

ನಾನು ಮೊದಲು ವಿಚಾರಿಸುವುದು ಕಿವಿಯ ಬಗ್ಗೆ. ಪದೇ ಪದೇ ಶೀತವಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ನಿಲ್ಲುವುದುಂಟು. ನೋವೇ ಇರದೆ ವಾರಗಟ್ಟಲೆ ಕಿವಿ ಮಂದವಾಗಬಹುದು. ಹಿಂದಿನ ಬೆಂಚಲ್ಲಿ ಕೂತರೆ ಟೀಚರ್ ಮಾತು ಅರ್ಧಂಬರ್ಧ ಕೇಳಿಸುತ್ತದೆ. ನಮಗೆ ಅದು 'ಗಮನ ಇಲ್ಲ' ಅಂತ ಕಾಣುತ್ತದೆ. ಕಣ್ಣಿನದ್ದೂ ಇದೇ ಕಥೆ. ಬೋರ್ಡ್ ಮಸುಕಾಗಿ ಕಾಣುವ ಮಗು ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ತಪಾಸಣೆಗೆ ಬರುತ್ತದೆ. ಖಾಸಗಿ ಶಾಲೆಯಾದರೆ ನೀವೇ ಕರೆದುಕೊಂಡು ಹೋಗಿ.

ಆಮೇಲೆ ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿ 11ಕ್ಕೆ ಮಲಗಿ, ಸ್ಕೂಲ್ ವ್ಯಾನಿಗಾಗಿ 6ಕ್ಕೆ ಏಳುವ ಮಗುವಿಗೆ ಎಷ್ಟು ಸಿಕ್ಕಿತು, ಲೆಕ್ಕ ಹಾಕಿ. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸುತ್ತೇವೆ. ಮಕ್ಕಳು ಎಷ್ಟೋ ಸಲ ಉಲ್ಟಾ, ಇನ್ನೂ ಜಾಸ್ತಿ ಕುಣಿಯುತ್ತಾರೆ. ರಕ್ತಹೀನತೆಯನ್ನೂ ಪರೀಕ್ಷೆ ಮಾಡಿಸಿ. ಜ್ಞಾಪಕಶಕ್ತಿ ಹೆಚ್ಚಿಸುವ ಸಿರಪ್ಪಿಗೆ ಮಾತ್ರ ಸುಮ್ನೆ ದುಡ್ಡು ಸುರಿಯಬೇಡಿ.

ಇನ್ನೊಂದು ವಿಷಯ. ಮಾತಾಡುತ್ತಾ ಇದ್ದ ಮಗು ಕೆಲವೇ ಸೆಕೆಂಡ್ ನೆಟ್ಟ ನೋಟದಲ್ಲಿ ನಿಂತು, ಮುಟ್ಟಿದರೂ ಎಚ್ಚರವಿಲ್ಲದೆ, ಮತ್ತೆ ಏನೂ ಆಗದ ಹಾಗೆ ಮುಂದುವರಿಸುತ್ತದೆಯಾ? ಅದು ಹಗಲುಗನಸಲ್ಲದೆ ಒಂದು ಬಗೆಯ ಮೂರ್ಛೆರೋಗವೂ ಇರಬಹುದು. ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ವಯಸ್ಸನ್ನೂ ನೋಡಬೇಕು. ಒಂದೇ ಕ್ಲಾಸಿನ ಮಕ್ಕಳ ನಡುವೆ ಸುಮಾರು ಒಂದು ವರ್ಷದ ಅಂತರವಿರುತ್ತದೆ. ಆರನೇ ವಯಸ್ಸಿನಲ್ಲಿ ಅದು ದೊಡ್ಡ ಅಂತರ. ಹಲವು ದೇಶಗಳ ಅಧ್ಯಯನಗಳಲ್ಲಿ ಕ್ಲಾಸಿನ ಅತಿ ಕಿರಿಯ ಮಕ್ಕಳಿಗೇ ಎಡಿಎಚ್‌ಡಿ ಹಣೆಪಟ್ಟಿ ಹೆಚ್ಚಾಗಿ ಬಿದ್ದಿದೆ.

ಹಾಗಂತ ಎಡಿಎಚ್‌ಡಿ ಸುಳ್ಳಲ್ಲ. ಮನೆ, ಶಾಲೆ ಎರಡೂ ಕಡೆ, ಕನಿಷ್ಠ ಆರು ತಿಂಗಳಿಂದ ಅದೇ ತೊಂದರೆ ಇದ್ದರೆ ತಜ್ಞರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. "ಅಲ್ಲಿಗಾ?" ಅಂತ ಅಜ್ಜಿ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮನೆಯಲ್ಲಿ ಒಂದು ಸಲಕ್ಕೆ ಒಂದೇ ಮಾತು ಹೇಳಿ. "ಶೂ ಬಿಚ್ಚಿ, ಕೈ ತೊಳೆದು, ಡೈರಿ ತಗೊಂಡು ಬಾ" ಅಂದರೆ ಡೈರಿ ಬರುವುದಿಲ್ಲ. ಹತ್ತು ನಿಮಿಷ ಬರೆದ ಮೇಲೆ ಏಳಲು ಬಿಡಿ. ಕ್ಲಾಸಲ್ಲಿ ನಾನು ಇಂಥವರನ್ನು ಮುಂದೆ, ಕಿಟಕಿಯಿಂದ ದೂರ ಕೂರಿಸುತ್ತೇನೆ. ಬೋರ್ಡ್ ಒರೆಸುವುದು, ಪುಸ್ತಕ ಹಂಚುವುದು ಅವರದೇ ಕೆಲಸ. ಸಂಜೆ ಟ್ಯೂಷನ್ ಸೇರಿಸುವ ಮುಂಚೆ ನಿಮ್ಮ ಟೀಚರ್ ಹತ್ತಿರ ಇಷ್ಟನ್ನು ಕೇಳಿ ನೋಡಿ. ಶಿಕ್ಷೆ ಅಂತ ಆಟದ ಪೀರಿಯಡ್ ಕಿತ್ತುಕೊಳ್ಳುತ್ತಿದ್ದರೆ, ಅದನ್ನು ನಿಲ್ಲಿಸಲೂ ಹೇಳಿ.